ಮದರಸಾ ಶಿಕ್ಷಣ: ಪರಿಕಲ್ಪನೆ, ಪಲ್ಲಟ ಮತ್ತು ಪ್ರಶ್ನೆಗಳು

ಭಾರತದ ಶಿಕ್ಷಣ ಚರಿತ್ರೆಯನ್ನು ಕುರಿತ ಬರವಣಿಗೆಯಲ್ಲಿ ಮದರಸಾದ ಪ್ರಸ್ತಾಪ ಬಂದಾಗಲೆಲ್ಲ ಎರಡು ಬಗೆಯ ನಿಲುವುಗಳು ಎದುರಾಗುತ್ತವೆ. ಒಂದು ನಿಲುವಿನ ಪ್ರಕಾರ ಮದರಸಾ ಮಧ್ಯಯುಗದ ಅವಶೇಷ. ಕಾಲ ಮುಂದೆ ಸಾಗಿದರೂ ತಾನು ಕದಲದೆ ನಿಂತ ಸಂಸ್ಥೆ. ಇನ್ನೊಂದು ನಿಲುವು ಅದನ್ನು ಕಳೆದುಹೋದ ಸುವರ್ಣಯುಗದ ಕುರುಹಾಗಿ ಕಾಣುತ್ತದೆ; ಬಾಗ್ದಾದ್, ಕೈರೋ, ಬೀದರ್‌ಗಳ ವೈಭವವನ್ನು ನೆನೆದು ತೃಪ್ತಿಪಡುತ್ತದೆ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿರುವ ಈ ಎರಡೂ ನಿಲುವುಗಳಲ್ಲಿ ಒಂದು ಸಮಾನ ಗ್ರಹಿಕೆಯಿದೆ: ಇಂದಿನ ಮದರಸಾ ಅಂದಿನ ಮದರಸಾದ ನೇರ ಮುಂದುವರಿಕೆ ಎಂಬುದು. ಈ ಗ್ರಹಿಕೆಯೇ ವಿಮರ್ಶೆಗೆ ಒಳಗಾಗಬೇಕಾಗಿದೆ. ಮದರಸಾದ ಚರಿತ್ರೆಯನ್ನು ಎರಡು ಪ್ರಶ್ನೆಗಳನ್ನಿಟ್ಟುಕೊಂಡು ಪರಿಶೀಲಿಸಿದರೆ ಅದರ ಪಲ್ಲಟಗಳು ಸ್ಪಷ್ಟವಾಗುತ್ತವೆ. ಅದರೊಳಗೆ ಯಾರಿಗೆ ಪ್ರವೇಶವಿತ್ತು? ಓದಿ ಹೊರಬಂದವರಿಗೆ ಯಾವ ಬಾಗಿಲುಗಳು ತೆರೆದಿದ್ದವು?

ಚರ್ಚೆಗೆ ತೊಡಗುವ ಮುನ್ನ ಶಬ್ದದ ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. 'ಪಾಠ' ಎಂಬ ಅರ್ಥದ 'ದರ್ಸ್' ಎಂಬ ಅರಬಿ ಪದಕ್ಕೆ ಸಂಬಂಧಿಸಿದ 'ಮದರಸಾ' ಎಂದರೆ ಪಾಠ ನಡೆಯುವ ಸ್ಥಳ, ಅಷ್ಟೆ. ಅರಬಿ ಮಾತನಾಡುವ ನಾಡುಗಳಲ್ಲಿ ಇಂದಿಗೂ ಯಾವುದೇ ಶಾಲೆಯನ್ನು ಈ ಹೆಸರಿನಿಂದ ಕರೆಯುತ್ತಾರೆ. ಭಾರತದಲ್ಲಿ ಈ ಒಂದು ಪದದ ಅಡಿಯಲ್ಲಿ ಕನಿಷ್ಠ ಮೂರು ಭಿನ್ನ ಸಂಸ್ಥೆಗಳು ಸೇರಿಕೊಂಡಿವೆ. ಮೊದಲನೆಯದು ಮಕ್ತಬ್, ಮಸೀದಿಗೆ ಹೊಂದಿಕೊಂಡಂತೆ ಬೆಳಿಗ್ಗೆ ಅಥವಾ ಸಂಜೆ ಒಂದೆರಡು ಗಂಟೆ ನಡೆಯುವ, ಕುರ್‌ಆನ್ ಓದು, ನಮಾಜು ಮತ್ತು ನಡೆನುಡಿಗಳನ್ನು ಕಲಿಸುವ ತರಗತಿ. ಇಲ್ಲಿ ಕಲಿಯುವ ಮಗು ಹಗಲಿನಲ್ಲಿ ಸಾಮಾನ್ಯ ಶಾಲೆಗೆ ಹೋಗುತ್ತದೆ. ಎರಡನೆಯದು ಪೂರ್ಣಾವಧಿಯ ಸ್ವತಂತ್ರ ಮದರಸಾ ಅಥವಾ ದಾರುಲ್ ಉಲೂಮ್. ವಿದ್ಯಾರ್ಥಿಗಳಿಗೆ ಊಟ ವಸತಿ ನೀಡಿ ಧರ್ಮಶಾಸ್ತ್ರ ಪಂಡಿತರನ್ನು ರೂಪಿಸುವ ಸಂಸ್ಥೆ. ಮೂರನೆಯದು ಉತ್ತರ ಪ್ರದೇಶ, ಪಶ್ಚಿಮ ಬಂಗಾಳದಂತಹ ರಾಜ್ಯಗಳಲ್ಲಿ ಸರಕಾರಿ ಮಂಡಳಿಯ ಮಾನ್ಯತೆ ಪಡೆದು, ಧಾರ್ಮಿಕ ವಿಷಯಗಳ ಜೊತೆಗೆ ಸಾಮಾನ್ಯ ವಿಷಯಗಳನ್ನೂ ಬೋಧಿಸುವ ಮದರಸಾ. ನ್ಯಾಯಮೂರ್ತಿ ರಾಜೀಂದರ್ ಸಾಚಾರ್ ಅವರ ಅಧ್ಯಕ್ಷತೆಯ ಸಮಿತಿ 2006ರಲ್ಲಿ ಸಲ್ಲಿಸಿದ ವರದಿಯು ಮಕ್ತಬ್ ಮತ್ತು ಮದರಸಾಗಳ ನಡುವಿನ ಈ ವ್ಯತ್ಯಾಸವನ್ನು ಒತ್ತಿ ಹೇಳಿತು. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಪೂರ್ಣಾವಧಿ ಮದರಸಾಗಳಿಗೆ ಹೋಗುವವರು ಶೇ. 3ರಿಂದ 4ರಷ್ಟು ಮಾತ್ರ ಎಂಬುದು ಆ ವರದಿಯ ಮುಖ್ಯ ಶೋಧಗಳಲ್ಲೊಂದು. ಮುಸ್ಲಿಂ ಸಮುದಾಯದ ಶೈಕ್ಷಣಿಕ ಹಿನ್ನಡೆಗೆ ಮದರಸಾವೇ ಕಾರಣವೆಂಬ ವಾದಕ್ಕೆ ಈ ಅಂಕಿಯೇ ಉತ್ತರ. ಬಹುಪಾಲು ಮಕ್ಕಳ ಸಮಸ್ಯೆಯಿರುವುದು ಸಮೀಪದಲ್ಲಿ ಇಲ್ಲದ ಅಥವಾ ಇದ್ದೂ ಕಲಿಸದ ಸಾಮಾನ್ಯ ಶಾಲೆಯಲ್ಲಿ. ಆದರೆ ಇದೇ ಅಂಕಿಯನ್ನು ಮುಂದಿಟ್ಟುಕೊಂಡು ಮದರಸಾದ ಪ್ರಶ್ನೆಯನ್ನು ತಳ್ಳಿಹಾಕುವುದೂ ಸರಿಯಲ್ಲ. ಶೇಕಡಾವಾರು ಲೆಕ್ಕದಲ್ಲಿ ಚಿಕ್ಕದಾಗಿ ಕಾಣುವ ಈ ಗುಂಪು ಸಂಖ್ಯೆಯಲ್ಲಿ ಲಕ್ಷಗಟ್ಟಲೆ ಮಕ್ಕಳದು. ಅವರಲ್ಲಿ ಹೆಚ್ಚಿನವರು ಕಡುಬಡವರ ಮನೆಯಿಂದ ಬಂದವರು.

ದತ್ತಿ, ವಸತಿ, ಗ್ರಂಥ

ಸಂಸ್ಥೆಯಾಗಿ ಮದರಸಾ ಖುರಾಸಾನಿನ ನಗರಗಳಲ್ಲಿ ರೂಪುಗೊಂಡು, ಸೆಲ್ಜುಕ್ ದೊರೆಗಳ ಮಂತ್ರಿ ನಿಜಾಮುಲ್ ಮುಲ್ಕ್ 11ನೆಯ ಶತಮಾನದಲ್ಲಿ ಸ್ಥಾಪಿಸಿದ ನಿಜಾಮಿಯಾಗಳ ಮೂಲಕ ಪ್ರಸಿದ್ಧಿಗೆ ಬಂತು. ಬಾಗ್ದಾದಿನ ನಿಜಾಮಿಯಾ 1067ರಲ್ಲಿ ಆರಂಭವಾಯಿತು. ಜಾರ್ಜ್ ಮಕ್ದಿಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮದರಸಾದ ಬೆನ್ನೆಲುಬು ವಕ್ಫ್ ಎಂಬುದನ್ನು ಎತ್ತಿ ತೋರಿಸಿದರು. ದಾನಿಯೊಬ್ಬ ಶಾಶ್ವತವಾಗಿ ಬಿಟ್ಟುಕೊಟ್ಟ ಆಸ್ತಿಯ ಆದಾಯದಿಂದ ಗುರುವಿನ ಸಂಬಳ, ವಿದ್ಯಾರ್ಥಿಯ ಅನ್ನ, ವಸತಿ ಮತ್ತು ಗ್ರಂಥಗಳ ವೆಚ್ಚ ನಡೆಯುತ್ತಿತ್ತು. ಬೋಧನೆಯ ಕೇಂದ್ರದಲ್ಲಿ ನ್ಯಾಯಶಾಸ್ತ್ರವಾದ ಫಿಕ್ಹ್ ಇತ್ತು. ಇದಕ್ಕೆ ಪೂರಕವಾಗಿ, ಸ್ವಲ್ಪಮಟ್ಟಿಗೆ ತಿದ್ದುಪಡಿಯಾಗಿಯೂ, ಜೊನಾಥನ್ ಬರ್ಕಿ 1992ರಲ್ಲಿ ಕೈರೋ ನಗರವನ್ನು ಕುರಿತ ಅಧ್ಯಯನದಲ್ಲಿ ಮತ್ತೊಂದು ಅಂಶವನ್ನು ಮುಂದಿಟ್ಟರು. ಮಧ್ಯಯುಗದ ಇಸ್ಲಾಮಿ ಶಿಕ್ಷಣದಲ್ಲಿ ಕಟ್ಟಡಕ್ಕಿಂತ ಗುರುವೇ ಮುಖ್ಯ. 'ಇಜಾಜಾ' ಎಂಬ ಅನುಮತಿಪತ್ರವನ್ನು ಕೊಡುತ್ತಿದ್ದವನು ಗುರು, ಸಂಸ್ಥೆಯಲ್ಲ. ಯಾವ ಮದರಸಾದಲ್ಲಿ ಓದಿದೆ ಎಂಬುದಕ್ಕಿಂತ ಯಾರಲ್ಲಿ ಯಾವ ಗ್ರಂಥವನ್ನು ಓದಿದೆ ಎಂಬುದು ವಿದ್ವತ್ತಿನ ಅಳತೆಗೋಲಾಗಿತ್ತು.

ಕನ್ನಡ ನಾಡಿನ ಶಾಸನಗಳನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ವಿಜಾಪುರ ಜಿಲ್ಲೆಯ ಸಾಲೋಟಗಿಯ 945ರ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನೂ ಅಲ್ಲಿ ನಾನಾ ಜನಪದಗಳಿಂದ ಬಂದು ನೆಲೆಸಿದ ವಿದ್ಯಾರ್ಥಿಗಳ ವಸತಿಗಳನ್ನೂ ಉಲ್ಲೇಖಿಸುತ್ತದೆ. ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಊರವರು ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ ವೇದಾಧ್ಯಯನದ 200 ವಿದ್ಯಾರ್ಥಿಗಳಿಗೂ ಶಾಸ್ತ್ರಾಧ್ಯಯನದ 50ರಷ್ಟು ವಿದ್ಯಾರ್ಥಿಗಳಿಗೂ ಅವರ ಉಪಾಧ್ಯಾಯರಿಗೂ ಏರ್ಪಾಡು ಮಾಡಿದ್ದನ್ನು ತಿಳಿಸುತ್ತದೆ. ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರ ಉಲ್ಲೇಖವೂ ಅಲ್ಲಿ ಬರುತ್ತದೆ. ದತ್ತಿ, ವಸತಿ, ಗ್ರಂಥ ಈ ಮೂರರ ಮೇಲೆ ನಿಂತ ವಿದ್ಯಾಸ್ಥಾನದ ಕಲ್ಪನೆ ಈ ನೆಲಕ್ಕೆ ಮದರಸಾ ಬರುವ ಮೊದಲೇ ಪರಿಚಿತವಾಗಿತ್ತು. ನಾಗಾವಿಯ ಘಟಿಕಾಸ್ಥಾನವೂ ಬೀದರಿನ ಮದರಸಾವೂ ಒಂದೇ ಪ್ರದೇಶದಲ್ಲಿ ನಾಲ್ಕು ಶತಮಾನಗಳ ಅಂತರದಲ್ಲಿ ಎದ್ದುನಿಂತವು ಎಂಬುದನ್ನು ಮರೆತು ಇವೆರಡನ್ನೂ ಪ್ರತ್ಯೇಕ ಚರಿತ್ರೆಗಳೆಂದು ಬರೆಯುವ ಪದ್ಧತಿ ಮರುಪರಿಶೀಲನೆಗೆ ಅರ್ಹವಾಗಿದೆ.

ಬೀದರಿನ ಮದರಸಾವನ್ನು ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಪೂರ್ಣಗೊಳಿಸಿದ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ 1453ರ ಸುಮಾರಿಗೆ ಬೀದರಿಗೆ ಬಂದ ಗವಾನ್ ಆಡಳಿತಗಾರನೂ ವಿದ್ವಾಂಸನೂ ಆಗಿದ್ದ. ಮೂರು ಅಂತಸ್ತಿನ ಈ ಕಟ್ಟಡದಲ್ಲಿ ವಿಶಾಲವಾದ ಚೌಕಾಕಾರದ ಅಂಗಳ, ಅದರ ಸುತ್ತ ಉಪನ್ಯಾಸ ಮಂದಿರಗಳು, ಮಸೀದಿ, ಗ್ರಂಥಾಲಯಗಳಿದ್ದವು. ಗುಲಾಂ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರ್ ಕುರಿತ ಗ್ರಂಥದಲ್ಲಿ ವಿದ್ಯಾರ್ಥಿಗಳಿಗೆ 36 ಕೋಣೆಗಳೂ ಅಧ್ಯಾಪಕರಿಗೆ 6 ವಸತಿಗಳೂ ಇದ್ದುದನ್ನು ಗುರುತಿಸಿದ್ದಾರೆ. ಗವಾನನ ಮರಣಾನಂತರ ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳ ಬಳಕೆಗಾಗಿ 3000 ಗ್ರಂಥಗಳಿದ್ದವೆಂದು ಫಿರಿಷ್ತಾ ಹೇಳುತ್ತಾನೆ. ಗವಾನ್ ಪಾರಸಿ ಕವಿ ಜಾಮಿಯಂತಹ ಹೊರನಾಡಿನ ವಿದ್ವಾಂಸರೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದ. ಆತನ ಪತ್ರಗಳು 'ರಿಯಾಜುಲ್ ಇನ್ಶಾ' ಎಂಬ ಸಂಕಲನದಲ್ಲಿ ಉಳಿದಿವೆ. ಆತನ ಇನ್ನೊಂದು ಕೃತಿ 'ಮನಾಜಿರುಲ್ ಇನ್ಶಾ' ಪತ್ರರಚನೆಯ ಶಾಸ್ತ್ರಗ್ರಂಥ. ರಾಜ್ಯದ ದಫ್ತರಗಳಲ್ಲಿ ಕೆಲಸ ಮಾಡುವವನಿಗೆ ಬೇಕಾದ ಬರವಣಿಗೆಯ ವಿದ್ಯೆಯನ್ನು ಮದರಸಾ ಕಟ್ಟಿಸಿದವನೇ ಶಾಸ್ತ್ರವಾಗಿ ನಿರೂಪಿಸಿದನೆಂಬುದು ಇಲ್ಲಿ ಗಮನಾರ್ಹ. ಧರ್ಮಜ್ಞಾನಕ್ಕೂ ಲೋಕವ್ಯವಹಾರಕ್ಕೂ ನಡುವೆ ಗೋಡೆಯಿಲ್ಲದ ವಿದ್ಯಾಭ್ಯಾಸದ ಕಲ್ಪನೆಯನ್ನು ಇದು ಸೂಚಿಸುತ್ತದೆ.

ಖೋಟಾ ಪತ್ರವೊಂದರ ಆಧಾರದ ಮೇಲೆ ರಾಜದ್ರೋಹದ ಆರೋಪಕ್ಕೆ ಗುರಿಯಾಗಿ ಗವಾನ್ 1481ರಲ್ಲಿ ಮರಣದಂಡನೆಗೆ ಒಳಗಾದ. ಬೀದರ್ ಮೊಗಲರ ವಶವಾದ ಮೇಲೆ ಕಟ್ಟಡದ ಒಂದು ಭಾಗ ಸಿಡಿಮದ್ದಿನ ದಾಸ್ತಾನಾಗಿ ಬಳಕೆಯಾಯಿತು. 1696ರ ಸ್ಫೋಟದಲ್ಲಿ ಮುಂಭಾಗದ ಬಹುಪಾಲು ಕುಸಿಯಿತು. ಇಂದು ಉಳಿದಿರುವ ಒಂಟಿ ಮಿನಾರು ಮತ್ತು ಬಣ್ಣದ ಹೆಂಚುಗಳ ಅಲಂಕಾರ ಪ್ರವಾಸಿಗರನ್ನು ಸೆಳೆಯುತ್ತವೆ. ಪತ್ರಶಾಸ್ತ್ರ ಬರೆದವನು ಸುಳ್ಳು ಪತ್ರಕ್ಕೆ ಬಲಿಯಾದದ್ದು, ಆತನ ವಿದ್ಯಾಲಯ ಮದ್ದಿನ ಮನೆಯಾದದ್ದು ಕೇವಲ ವಿಷಾದದ ಸಂಗತಿಗಳಾಗಿ ಉಳಿಯುವುದಿಲ್ಲ. ರಾಜಾಶ್ರಯವನ್ನು ನೆಚ್ಚಿದ ವಿದ್ಯಾಸಂಸ್ಥೆಯ ಆಯುಷ್ಯ ಆಶ್ರಯದಾತನ ಆಯುಷ್ಯಕ್ಕೆ ಅಂಟಿಕೊಂಡಿರುತ್ತದೆ ಎಂಬ ಪಾಠ ಅದರಲ್ಲಿದೆ. ಈ ಪಾಠವನ್ನು 19ನೆಯ ಶತಮಾನದ ಉಲಮಾಗಳು ಬೇರೊಂದು ರೀತಿಯಲ್ಲಿ ಕಲಿತರು.

ವಿದ್ಯೆಗಳ ವರ್ಗೀಕರಣ

ಮದರಸಾ ಎಂದರೆ ಕೇವಲ ಧಾರ್ಮಿಕ ವಿಷಯಗಳ ಬೋಧನೆ ಎಂಬ ಇಂದಿನ ಸಮೀಕರಣಕ್ಕೆ ಶಾಸ್ತ್ರಾಧಾರ ದುರ್ಬಲವಾಗಿದೆ. ಬಾಗ್ದಾದಿನ ನಿಜಾಮಿಯಾದಲ್ಲಿಯೇ 1091ರಿಂದ 1095ರವರೆಗೆ ಬೋಧಿಸಿದ ಅಲ್ ಗಜಾಲಿ ವಿದ್ಯೆಗಳನ್ನು ವಿಂಗಡಿಸುವಾಗ ಪ್ರತಿಯೊಬ್ಬ ವ್ಯಕ್ತಿಯ ಮೇಲಿರುವ ಕರ್ತವ್ಯ ಮತ್ತು ಸಮುದಾಯದ ಮೇಲಿರುವ ಕರ್ತವ್ಯ ಎಂಬ ಭೇದವನ್ನು ಬಳಸಿದ. ವೈದ್ಯ ಮತ್ತು ಗಣಿತ ಎರಡನೆಯ ವರ್ಗಕ್ಕೆ ಸೇರುತ್ತವೆ; ಸಮುದಾಯದಲ್ಲಿ ಕೆಲವರಾದರೂ ಅವನ್ನು ಕಲಿಯದಿದ್ದರೆ ಇಡೀ ಸಮುದಾಯ ದೋಷಕ್ಕೆ ಗುರಿಯಾಗುತ್ತದೆ. ಎಲ್ಲರೂ ನ್ಯಾಯಶಾಸ್ತ್ರದ ಕಡೆಗೆ ಮುಗಿಬಿದ್ದು ವೈದ್ಯವನ್ನು ಅಲಕ್ಷಿಸುವುದನ್ನು ಆತ ಟೀಕಿಸಿದ್ದಾನೆ. ತತ್ತ್ವಜ್ಞಾನಿಗಳ ಕಟು ವಿಮರ್ಶಕನೆಂದು ಹೆಸರಾದ ಗಜಾಲಿಯೇ ತರ್ಕಶಾಸ್ತ್ರವನ್ನು ವಿದ್ವಾಂಸನಿಗೆ ಅಗತ್ಯವೆಂದು ಬಗೆದವನು ಎಂಬುದನ್ನೂ ನೆನೆಯಬೇಕು.

ಭಾರತದ ಮದರಸಾಗಳಲ್ಲಿ ಪಠ್ಯವಸ್ತುವನ್ನು 'ಮನ್‌ಕೂಲಾತ್' ಮತ್ತು 'ಮಾಕೂಲಾತ್' ಎಂದು ವಿಂಗಡಿಸುವ ರೂಢಿಯಿತ್ತು. ಪರಂಪರೆಯಿಂದ ಬಂದ ಕುರ್‌ಆನ್ ವ್ಯಾಖ್ಯಾನ, ಹದೀಸ್, ಫಿಕ್ಹ್ ಮೊದಲನೆಯ ವರ್ಗ. ಬುದ್ಧಿಯಿಂದ ಸಾಧಿಸಬೇಕಾದ ತರ್ಕ, ತತ್ತ್ವಶಾಸ್ತ್ರ, ಗಣಿತ, ಖಗೋಳ ಎರಡನೆಯ ವರ್ಗ. ಈ ಎರಡನೆಯ ವರ್ಗಕ್ಕೆ ಉತ್ತರ ಭಾರತದಲ್ಲಿ ಹೊಸ ಬಲ ಬಂದುದರ ಹಿಂದೆ ವಿಜಾಪುರದ ನಂಟಿದೆ. ಶೀರಾಜಿನ ವಿದ್ವಾಂಸ ಫತೇವುಲ್ಲಾ ಶೀರಾಜಿ ಒಂದನೆಯ ಅಲಿ ಆದಿಲ್ ಷಾಹನ ಆಹ್ವಾನದ ಮೇಲೆ ವಿಜಾಪುರಕ್ಕೆ ಬಂದಿದ್ದ. ಆ ದೊರೆಯ ಮರಣಾನಂತರ 1583ರಲ್ಲಿ ಅಕ್ಬರನ ಆಸ್ಥಾನ ಸೇರಿದ ಆತ ಇರಾನಿನ ತಾರ್ಕಿಕ ಗ್ರಂಥಗಳನ್ನು ಅಲ್ಲಿನ ಪಠ್ಯಕ್ರಮದಲ್ಲಿ ನೆಲೆಗೊಳಿಸಿದ. ಆತನ ಶಿಷ್ಯಪರಂಪರೆಯ ಎಳೆ ಲಖನೌದ ಫರಂಗಿ ಮಹಲ್ ಮನೆತನದವರೆಗೆ ಸಾಗುತ್ತದೆ. 1748ರಲ್ಲಿ ನಿಧನನಾದ ಆ ಮನೆತನದ ಮುಲ್ಲಾ ನಿಜಾಮುದ್ದೀನ್ ವ್ಯವಸ್ಥೆಗೊಳಿಸಿದ ಪಠ್ಯಕ್ರಮವೇ 'ದರ್ಸೆ ನಿಜಾಮಿ'. ಹೆಸರಿನ ಸಾಮ್ಯದಿಂದ ಇದನ್ನು ಬಾಗ್ದಾದಿನ ನಿಜಾಮಿಯಾಕ್ಕೆ ಜೋಡಿಸುವುದು ಆಗಾಗ ಕಂಡುಬರುವ ತಪ್ಪು. ಈ ಪಠ್ಯಕ್ರಮದಲ್ಲಿ ವ್ಯಾಕರಣ, ತರ್ಕ, ತತ್ತ್ವಶಾಸ್ತ್ರಗಳ ಗ್ರಂಥಗಳು ಹೆಚ್ಚಾಗಿದ್ದು, ಹದೀಸಿನ ಪಾಲು ಕಡಿಮೆಯಿತ್ತು. ಯೂಕ್ಲಿಡನ ರೇಖಾಗಣಿತವೂ ಅದರಲ್ಲಿ ಸೇರಿತ್ತು. ಕಠಿಣ ಗ್ರಂಥವನ್ನು ಸ್ವಂತ ಬುದ್ಧಿಯಿಂದ ಬಿಡಿಸುವ ಸಾಮರ್ಥ್ಯವನ್ನು ಬೆಳೆಸುವುದು ಅದರ ಗುರಿಯಾಗಿತ್ತು. ಹೀಗೆ ಪಳಗಿದ ವಿದ್ಯಾರ್ಥಿ ಕಾಜಿಯೂ ಮುಫ್ತಿಯೂ ಆಗಬಹುದಿತ್ತು, ದಫ್ತರದ ಅಧಿಕಾರಿಯೂ ಆಗಬಹುದಿತ್ತು. ಹೊರಬಾಗಿಲು ವಿಶಾಲವಾಗಿತ್ತು.

ಪಾರಸಿ ಶಿಕ್ಷಣ ಒಂದೇ ಮತದವರ ಸ್ವತ್ತಾಗಿರಲಿಲ್ಲ ಎಂಬುದಕ್ಕೂ ಪುರಾವೆಗಳಿವೆ. ವಿಲಿಯಂ ಆಡಂ 1835ರಿಂದ 1838ರ ನಡುವೆ ಬಂಗಾಳ ಮತ್ತು ಬಿಹಾರದ ದೇಶೀಯ ಶಿಕ್ಷಣದ ಬಗ್ಗೆ ಸಲ್ಲಿಸಿದ ವರದಿಗಳಲ್ಲಿ ಪಾರಸಿ ಶಾಲೆಗಳ ವಿದ್ಯಾರ್ಥಿಗಳಲ್ಲಿ ಹಿಂದೂಗಳ ಸಂಖ್ಯೆ ಮುಸ್ಲಿಮರಿಗಿಂತ ಹೆಚ್ಚಿದ್ದುದು ದಾಖಲಾಗಿದೆ. ಸ್ವತಂತ್ರ ಭಾರತದ ಪ್ರಥಮ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರ ಅಕ್ಷರಾಭ್ಯಾಸ ಮೌಲವಿಯೊಬ್ಬರಲ್ಲಿ ಪಾರಸಿಯೊಂದಿಗೆ ಆರಂಭವಾಯಿತು. ಕಾದಂಬರಿಕಾರ ಪ್ರೇಮಚಂದರ ಬಾಲ್ಯದ ಓದೂ ಮೌಲವಿಯ ಬಳಿಯಲ್ಲೇ ನಡೆಯಿತು.

ಪ್ರವೇಶದ ಮಿತಿಗಳು

ಇಷ್ಟಾದರೂ ಹಿಂದಿನ ಮದರಸಾವನ್ನು ಆದರ್ಶೀಕರಿಸುವುದು ವಿಮರ್ಶೆಯ ಕೆಲಸವಲ್ಲ. ಒಳಗೆ ಪ್ರವೇಶ ಪಡೆಯುತ್ತಿದ್ದವರು ಯಾರು ಎಂಬ ಪ್ರಶ್ನೆಯನ್ನು ಎತ್ತಿದೊಡನೆ ವೈಭವದ ಚಿತ್ರ ಮಸುಕಾಗುತ್ತದೆ. ದಿಲ್ಲಿಯ ಹೌಜ್ ಖಾಸ್ ಕೆರೆಯ ದಂಡೆಯ ಮೇಲೆ ಫಿರೋಜ್ ಷಾ ತುಘಲಕ್ 1352ರಲ್ಲಿ ಕಟ್ಟಿಸಿದ ಮದರಸಾವನ್ನು ಇತಿಹಾಸಕಾರ ಜಿಯಾವುದ್ದೀನ್ ಬರನಿ ಬಾಯ್ತುಂಬ ಹೊಗಳಿದ್ದಾನೆ. ಅದೇ ಬರನಿ 'ಫತಾವಾ ಎ ಜಹಾಂದಾರಿ' ಎಂಬ ತನ್ನ ರಾಜನೀತಿ ಗ್ರಂಥದಲ್ಲಿ ಕೀಳು ಕುಲದವರೆಂದು ತಾನು ಬಗೆದವರಿಗೆ ಧಾರ್ಮಿಕ ಆಚರಣೆಗೆ ಬೇಕಾದಷ್ಟನ್ನು ಬಿಟ್ಟು ಓದುಬರಹ ಕಲಿಸಕೂಡದೆಂದು ವಿಧಿಸುತ್ತಾನೆ. ಓದಿದವರು ಹುದ್ದೆಗಳಿಗೆ ಏರಿಯಾರೆಂಬುದು ಆತನ ಭೀತಿ. ಸಮಾನತೆಯನ್ನು ಸಾರಿದ ಧರ್ಮದ ಚೌಕಟ್ಟಿನೊಳಗೆ ನಿಂತು ವಿದ್ವಾಂಸನೊಬ್ಬ ಅಕ್ಷರವನ್ನು ಕುಲದ ಸ್ವತ್ತಾಗಿ ಕಾಯಲು ಹೊರಟ ಈ ಉದಾಹರಣೆ ಭಾರತೀಯ ಸಮಾಜದ ಶ್ರೇಣೀಕರಣ ಎಷ್ಟು ಆಳವಾಗಿ ಇಳಿದಿತ್ತೆಂಬುದನ್ನು ತೋರಿಸುತ್ತದೆ. ಘಟಿಕಾಸ್ಥಾನ ಮತ್ತು ಅಗ್ರಹಾರಗಳ ಪ್ರವೇಶವೂ ಜಾತಿಯಿಂದ ನಿಯಂತ್ರಿತವಾಗಿತ್ತು. ಆ ದೃಷ್ಟಿಯಿಂದ ಎರಡೂ ಪರಂಪರೆಗಳು ಒಂದೇ ವಿಮರ್ಶೆಗೆ ಗುರಿಯಾಗುತ್ತವೆ.

ಸ್ತ್ರೀಯರ ವಿಷಯವೂ ಸಂಕೀರ್ಣವಾಗಿದೆ. 11ನೆಯ ಶತಮಾನದ ಮಕ್ಕಾದಲ್ಲಿ ಕರೀಮಾ ಅಲ್ ಮರ್ವಜಿಯಾ ಎಂಬ ವಿದುಷಿ ಬುಖಾರಿಯ ಹದೀಸ್ ಸಂಗ್ರಹವನ್ನು ಬೋಧಿಸಿ ಖ್ಯಾತಳಾಗಿದ್ದಳು. ದೂರದೂರದ ಪಂಡಿತರು ಆಕೆಯಿಂದ ಪಾಠ ಪಡೆದರು. ಆದರೆ ಕೈರೋದ ಮದರಸಾಗಳಲ್ಲಿ ಅಧ್ಯಾಪನದ ಹುದ್ದೆ ಸ್ತ್ರೀಯರಿಗೆ ಸಿಗಲಿಲ್ಲವೆಂಬುದನ್ನು ಬರ್ಕಿ ತೋರಿಸಿದ್ದಾರೆ. ಕೆಲವು ಮದರಸಾಗಳಿಗೆ ಶ್ರೀಮಂತ ಸ್ತ್ರೀಯರು ದತ್ತಿ ಬಿಟ್ಟರು. ಅಲ್ಲಿ ಕುಳಿತು ಓದುವ ಅವಕಾಶ ಮಾತ್ರ ಗಂಡಸರದಾಗಿತ್ತು. ಜ್ಞಾನಪರಂಪರೆ ಸ್ತ್ರೀಯರನ್ನು ಒಪ್ಪಿದ್ದರೂ ಸಂಸ್ಥೆ ಒಪ್ಪಿರಲಿಲ್ಲ. ಮದರಸಾವನ್ನೇ ಇಸ್ಲಾಮಿ ಶಿಕ್ಷಣದ ಏಕೈಕ ರೂಪವೆಂದು ಭಾವಿಸುವ ಅಧ್ಯಯನಗಳು ಈ ಅಂತರವನ್ನು ಗ್ರಹಿಸಲಾರವು.

ವಸಾಹತು ಕಾಲದ ಪಲ್ಲಟ

ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಆರಂಭದಲ್ಲಿ ಮದರಸಾದ ಉಪಯುಕ್ತತೆ ಪ್ರಶ್ನಾತೀತವಾಗಿತ್ತು. ವಾರನ್ ಹೇಸ್ಟಿಂಗ್ಸ್ 1780ರಲ್ಲಿ ಕಲ್ಕತ್ತಾ ಮದರಸಾವನ್ನು ಸ್ಥಾಪಿಸಿದ್ದು ನ್ಯಾಯಾಲಯಗಳಿಗೆ ಬೇಕಾದ ಅಧಿಕಾರಿಗಳನ್ನು ಸಿದ್ಧಪಡಿಸುವುದಕ್ಕಾಗಿ. ಅರ್ಧ ಶತಮಾನದಲ್ಲಿ ಸ್ಥಿತಿ ಬದಲಾಯಿತು. 1835ರ ಮೆಕಾಲೆಯ ಟಿಪ್ಪಣಿ, 1837ರಲ್ಲಿ ಆಡಳಿತ ಭಾಷೆಯ ಸ್ಥಾನದಿಂದ ಪಾರಸಿಯ ನಿರ್ಗಮನ, 1844ರಲ್ಲಿ ಸರಕಾರಿ ಹುದ್ದೆಗಳಿಗೆ ಇಂಗ್ಲಿಷ್ ಕಲಿತವರಿಗೆ ಆದ್ಯತೆ ನೀಡಿದ ನಿರ್ಣಯ, ಇವು ಒಂದರ ಹಿಂದೊಂದರಂತೆ ಬಂದು ಮದರಸಾದ ಹೊರಬಾಗಿಲನ್ನು ಮುಚ್ಚಿದವು. ಒಳಗಿನ ಪಾಠ ಬದಲಾಗುವ ಮೊದಲೇ ಅದರ ಲೌಕಿಕ ಬೆಲೆ ಕುಸಿಯಿತು. ತರ್ಕವನ್ನೂ ಗಣಿತವನ್ನೂ ಓದಿದವನಿಗೆ ಕಚೇರಿಯಲ್ಲಿ ಸ್ಥಾನವಿಲ್ಲವೆಂದಾದ ಮೇಲೆ ಉಳಿದದ್ದು ಮಸೀದಿ ಮತ್ತು ಮದರಸಾದ ಕೆಲಸಗಳು ಮಾತ್ರ.

1857ರ ಪತನಾನಂತರದ ಈ ಸನ್ನಿವೇಶದಲ್ಲಿ ದೇವ್‌ಬಂದಿನ ದಾರುಲ್ ಉಲೂಮ್ 1866ರಲ್ಲಿ ಒಂದು ಸಣ್ಣ ಮಸೀದಿಯಲ್ಲಿ ಆರಂಭವಾಯಿತು. ಬಾರ್ಬರಾ ಮೆಟ್ಕಾಫ್ 1982ರ ಅಧ್ಯಯನದಲ್ಲಿ ತೋರಿಸಿದಂತೆ, ಪರಂಪರೆಯ ರಕ್ಷಣೆಗಾಗಿ ಹುಟ್ಟಿದ ಈ ಸಂಸ್ಥೆ ರೂಪದಲ್ಲಿ ಬ್ರಿಟಿಷರ ಶಾಲೆಯನ್ನೇ ಹೋಲುತ್ತಿತ್ತು. ಗೊತ್ತುಪಡಿಸಿದ ತರಗತಿಗಳು, ಸಂಬಳದ ಅಧ್ಯಾಪಕರು, ವಾರ್ಷಿಕ ಪರೀಕ್ಷೆ, ಬಹುಮಾನ ವಿತರಣೆ, ಮುದ್ರಿತ ವಾರ್ಷಿಕ ವರದಿ ಇವೆಲ್ಲ ಹೊಸತು. ಗುರುವಿನ ಇಜಾಜಾದ ಸ್ಥಾನದಲ್ಲಿ ಸಂಸ್ಥೆಯ ಸನದು ಬಂತು. ಪಠ್ಯಕ್ರಮ ದರ್ಸೆ ನಿಜಾಮಿಯ ಹೆಸರನ್ನು ಉಳಿಸಿಕೊಂಡರೂ ಒತ್ತು ಹದೀಸಿನ ಕಡೆಗೆ ಹೊರಳಿ, ಮಾಕೂಲಾತಿನ ಪಾಲು ಕುಗ್ಗಿತು. ಮಧ್ಯಯುಗದ ಅವಶೇಷವೆಂದು ಯಾವುದನ್ನು ಇಂದು ಕರೆಯಲಾಗುತ್ತದೆಯೋ ಅದು ಈ ಅರ್ಥದಲ್ಲಿ 19ನೆಯ ಶತಮಾನದ ಉತ್ಪನ್ನ. ಸ್ಥಾಪಕರಲ್ಲೊಬ್ಬರಾದ ಮೌಲಾನಾ ಮುಹಮ್ಮದ್ ಕಾಸಿಂ ನಾನೌತವಿ ಆಧುನಿಕ ವಿಷಯಗಳನ್ನು ಬಿಟ್ಟುದಕ್ಕೆ ಕೊಟ್ಟ ಸಮರ್ಥನೆ, ಆ ಕೆಲಸವನ್ನು ಸರಕಾರಿ ಶಾಲೆಗಳು ಮಾಡುತ್ತಿವೆ ಎಂಬುದಾಗಿತ್ತು. ಅದು ಕಾಲದ ಪರಿಸ್ಥಿತಿಯನ್ನು ನೋಡಿ ಮಾಡಿದ ಕೆಲಸದ ಹಂಚಿಕೆ. ಕಾಲಾನಂತರದಲ್ಲಿ ಅದೇ ಹಂಚಿಕೆ ಸಿದ್ಧಾಂತದ ಗಾಂಭೀರ್ಯ ಪಡೆದುಕೊಂಡಿತು.

ನಾನೌತವಿ ರೂಪಿಸಿದ ಎಂಟು ಸೂತ್ರಗಳಲ್ಲಿ ಸಂಸ್ಥೆ ಸರಕಾರವನ್ನೂ ನಿಶ್ಚಿತ ಆದಾಯವನ್ನೂ ನೆಚ್ಚದೆ ಜನಸಾಮಾನ್ಯರ ವಂತಿಗೆಯಿಂದ ನಡೆಯಬೇಕೆಂಬ ನಿಲುವು ಮುಖ್ಯವಾದುದು. ಬೀದರಿನ ಮದರಸಾದ ಗತಿ ಇನ್ನೊಮ್ಮೆ ಬಾರದಂತೆ ಕಂಡುಕೊಂಡ ದಾರಿಯೆಂದೇ ಇದನ್ನು ಓದಬಹುದು. ಇದರ ಪರಿಣಾಮ ದೂರಗಾಮಿಯಾಗಿತ್ತು. ಊರೂರಿನ ರೈತರು, ನೇಕಾರರು, ಸಣ್ಣ ವ್ಯಾಪಾರಿಗಳು ಕೊಟ್ಟ ಕಾಣಿಕೆಯಿಂದ ನಡೆದ ಸಂಸ್ಥೆ ಅವರ ಮಕ್ಕಳಿಗೆ ತೆರೆದುಕೊಂಡಿತು. ಯಾರಿಗೆ ಅಕ್ಷರ ಬೇಡವೆಂದು ಬರನಿ ಬರೆದಿದ್ದನೋ ಅಂಥವರ ಮಕ್ಕಳು ಉಚಿತ ಊಟ, ವಸತಿ, ಪುಸ್ತಕಗಳೊಂದಿಗೆ ಅರಬಿ ಗ್ರಂಥಗಳನ್ನು ಓದತೊಡಗಿದರು. ಮದರಸಾದ ಆಧುನಿಕ ಚರಿತ್ರೆಯ ತಿರುಳಿರುವುದು ಇಲ್ಲಿ: ಒಳಬಾಗಿಲು ಹಿಂದೆಂದಿಗಿಂತ ಅಗಲವಾದ ಹೊತ್ತಿನಲ್ಲಿಯೇ ಹೊರಬಾಗಿಲು ಹಿಂದೆಂದಿಗಿಂತ ಕಿರಿದಾಯಿತು. ಮಧ್ಯಯುಗದ ಮದರಸಾ ಕೆಲವರನ್ನು ಒಳಗೆ ಬಿಟ್ಟುಕೊಂಡು ಅವರನ್ನು ಎಲ್ಲೆಡೆಗೆ ಕಳುಹಿಸಿತು. ಆಧುನಿಕ ಮದರಸಾ ಬಡವರೆಲ್ಲರನ್ನೂ ಬರಮಾಡಿಕೊಂಡು ಅವರಿಗೆ ಕೆಲವೇ ದಾರಿಗಳನ್ನು ತೋರಿಸಿತು.

ಈ ಬಿಕ್ಕಟ್ಟು ಸಮುದಾಯದ ಒಳಗಿನವರಿಗೆ ಕಾಣದೆ ಹೋಗಲಿಲ್ಲ. ಸರ್ ಸೈಯದ್ ಅಹಮದ್ ಖಾನ್ 1875ರಲ್ಲಿ ಅಲಿಗಢದಲ್ಲಿ ಇಂಗ್ಲಿಷ್ ಶಿಕ್ಷಣದ ಸಂಸ್ಥೆಯನ್ನು ಆರಂಭಿಸಿದರು. ಅಲಿಗಢ ಮತ್ತು ದೇವ್‌ಬಂದಿನ ನಡುವಿನ ಬಿರುಕನ್ನು ಬೆಸೆಯಲು ಹುಟ್ಟಿದ ನದ್ವತುಲ್ ಉಲಮಾ 1898ರಲ್ಲಿ ಲಖನೌದಲ್ಲಿ ತನ್ನ ದಾರುಲ್ ಉಲೂಮನ್ನು ತೆರೆಯಿತು. ಶಿಬ್ಲಿ ನೂಮಾನಿ ಅಲ್ಲಿ ಇಂಗ್ಲಿಷ್ ಮತ್ತು ಆಧುನಿಕ ವಿಷಯಗಳನ್ನು ಸೇರಿಸಲು ಶ್ರಮಿಸಿ ವಿರೋಧ ಎದುರಿಸಿದರು. ಮದರಸಾ ಸುಧಾರಣೆಯ ಬೇಡಿಕೆ ಹೊರಗಿನಿಂದ ಹೇರಿದ್ದೆಂಬ ವಾದವನ್ನು ಈ ಚರಿತ್ರೆ ಸಮರ್ಥಿಸುವುದಿಲ್ಲ.

ಕರ್ನಾಟಕದ ಸಂದರ್ಭ

ಕರ್ನಾಟಕದಲ್ಲಿ ಬೆಂಗಳೂರಿನ ದಾರುಲ್ ಉಲೂಮ್ ಸಬೀಲುರ್ರಶಾದಿನಂತಹ ಉನ್ನತ ಮದರಸಾಗಳಿದ್ದರೂ ಹೆಚ್ಚಿನ ಮಕ್ಕಳ ಪಾಲಿಗೆ ಧಾರ್ಮಿಕ ಶಿಕ್ಷಣವೆಂದರೆ ಮಸೀದಿಯ ಮಕ್ತಬ್. ಕರಾವಳಿಯಲ್ಲಿ ಇದರ ವ್ಯವಸ್ಥಿತ ರೂಪವನ್ನು ಕಾಣಬಹುದು. ಕೇರಳದಲ್ಲಿ 1951ರಲ್ಲಿ ರಚನೆಯಾದ ಸಮಸ್ತದ ಮತವಿದ್ಯಾಭ್ಯಾಸ ಮಂಡಳಿಯ ಮಾದರಿ ದಕ್ಷಿಣ ಕನ್ನಡದ ಬ್ಯಾರಿ ಸಮುದಾಯದಲ್ಲೂ ಬೇರೂರಿತು. ಶಾಲೆಯ ವೇಳೆಗೆ ಅಡ್ಡಿಯಾಗದಂತೆ ಮುಂಜಾನೆ ಅಥವಾ ಸಂಜೆ ತರಗತಿ, ಹಂತಹಂತದ ಪಠ್ಯಪುಸ್ತಕ, ಸಾರ್ವತ್ರಿಕ ಪರೀಕ್ಷೆ ಇದರ ಲಕ್ಷಣಗಳು. ಮಲಯಾಳವನ್ನು ಅರಬಿ ಲಿಪಿಯಲ್ಲಿ ಬರೆದ ಪಠ್ಯವನ್ನು ಓದಿ, ಮನೆಯಲ್ಲಿ ಬ್ಯಾರಿ ಮಾತನಾಡಿ, ಶಾಲೆಯಲ್ಲಿ ಕನ್ನಡ ಕಲಿಯುವ ಮಗು ಇಲ್ಲಿ ಅಪರೂಪವಲ್ಲ. ಭಟ್ಕಳದಲ್ಲಿ 1919ರಲ್ಲಿ ಆರಂಭವಾದ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಸಾಮಾನ್ಯ ಶಿಕ್ಷಣವನ್ನೂ 1962ರಲ್ಲಿ ಆರಂಭವಾದ ಜಾಮಿಯಾ ಇಸ್ಲಾಮಿಯಾ ಧಾರ್ಮಿಕ ಶಿಕ್ಷಣವನ್ನೂ ಒಂದೇ ಊರಿನಲ್ಲಿ ನಡೆಸಿಕೊಂಡು ಬಂದಿವೆ. ಧಾರ್ಮಿಕ ಶಿಕ್ಷಣ ಸಾಮಾನ್ಯ ಶಿಕ್ಷಣಕ್ಕೆ ಪರ್ಯಾಯವಾಗದೆ ಅದರ ಜೊತೆಗಿದ್ದಾಗ ಮಗುವಿನ ಮುಂದಿನ ದಾರಿ ಮುಚ್ಚುವುದಿಲ್ಲವೆಂಬುದಕ್ಕೆ ಕರಾವಳಿಯ ಅನುಭವ ಸಾಕ್ಷಿಯಾಗಿದೆ.

ಭಾಷೆಯ ಪ್ರಶ್ನೆ ಇಲ್ಲಿ ನಿರ್ಣಾಯಕವಾದುದು. ಒಳನಾಡಿನ ಪೂರ್ಣಾವಧಿ ಮದರಸಾಗಳಲ್ಲಿ ಬೋಧನೆ ಹೆಚ್ಚಾಗಿ ಉರ್ದುವಿನಲ್ಲಿ, ಗ್ರಂಥಗಳು ಅರಬಿಯಲ್ಲಿ. ರಾಜ್ಯದ ಆಡಳಿತ, ನ್ಯಾಯಾಲಯ, ಮಾರುಕಟ್ಟೆಗಳ ಭಾಷೆಯಾದ ಕನ್ನಡ ಬಾರದ ವಿದ್ಯಾರ್ಥಿಗೆ ತಾನು ಹುಟ್ಟಿದ ಊರಿನಲ್ಲೇ ಹೊರಬಾಗಿಲು ಕಿರಿದಾಗುತ್ತದೆ. 1837ರಲ್ಲಿ ಪಾರಸಿಯ ನಿರ್ಗಮನದಿಂದ ಆದ ನಷ್ಟವನ್ನು ಬಲ್ಲ ಪರಂಪರೆಗೆ ಇದು ಹೊಸ ವಿಷಯವೇನಲ್ಲ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ಸಾರಾ ಅಬೂಬಕ್ಕರ್, ಬಾಲ್ಯದಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿ ಮುಂದೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಗೌರವ ಪಡೆದ ಬಾನು ಮುಷ್ತಾಕ್ ಮುಂತಾದವರು ತಮ್ಮ ಸಮುದಾಯದ ಹೆಣ್ಣುಮಕ್ಕಳ ಬದುಕನ್ನು ನಾಡಿನ ಮುಂದಿಟ್ಟದ್ದು ಕನ್ನಡದಲ್ಲಿ. ಧರ್ಮಶಾಸ್ತ್ರದ ಹೆಸರಿನಲ್ಲಿ ಸ್ತ್ರೀಯರ ಮೇಲೆ ಹೇರುವ ಕಟ್ಟಳೆಗಳನ್ನು ಅವರು ಪ್ರಶ್ನಿಸಲು ಸಾಧ್ಯವಾದದ್ದರಲ್ಲಿ ಆ ಅಕ್ಷರದ ಪಾಲು ಚಿಕ್ಕದಲ್ಲ. ಹೆಣ್ಣುಮಕ್ಕಳಿಗಾಗಿಯೇ ತೆರೆದಿರುವ ಮದರಸಾಗಳು ಶಾಸ್ತ್ರಜ್ಞಾನವನ್ನು ಅವರ ಕೈಗೂ ಕೊಡುತ್ತಿರುವುದು ಮಹತ್ವದ ಬೆಳವಣಿಗೆ. ಆ ಜ್ಞಾನದಿಂದ ವ್ಯಾಖ್ಯಾನದ ಅಧಿಕಾರವೂ ದೊರೆಯುತ್ತದೆಯೇ ಎಂಬ ಪ್ರಶ್ನೆ ಮಾತ್ರ ಕರೀಮಾಳ ಕಾಲದಿಂದ ಹಾಗೆಯೇ ಉಳಿದಿದೆ.

ಕಾನೂನು ಮತ್ತು ಮಗುವಿನ ಹಕ್ಕು

ಸಂವಿಧಾನದ 30ನೆಯ ಅನುಚ್ಛೇದ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿ‌ಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 2002ರ ತಿದ್ದುಪಡಿಯಿಂದ ಸೇರಿದ 21ಎ ಅನುಚ್ಛೇದ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕನ್ನು ನೀಡಿದೆ. ಮೊದಲನೆಯದು ಸಮುದಾಯದ ಹಕ್ಕು, ಎರಡನೆಯದು ಮಗುವಿನ ಹಕ್ಕು. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿ ಮದರಸಾ, ವೇದ ಪಾಠಶಾಲೆ ಮತ್ತು ಮುಖ್ಯವಾಗಿ ಧಾರ್ಮಿಕ ಬೋಧನೆ ನೀಡುವ ಸಂಸ್ಥೆಗಳನ್ನು ಕಾಯಿದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಸಂಸ್ಥೆಗೆ ಇದರಿಂದ ನಿರಾಳವಾಯಿತು; ಅದರೊಳಗಿನ ಮಗುವಿಗೆ ಕಾಯಿದೆಯ ಆಸರೆ ದೂರವಾಯಿತು. ಈ ಮಾತು ವೇದ ಪಾಠಶಾಲೆಯ ಮಗುವಿಗೂ ಅಷ್ಟೇ ಅನ್ವಯಿಸುತ್ತದೆ.

ಉತ್ತರ ಪ್ರದೇಶದ 2004ರ ಮದರಸಾ ಶಿಕ್ಷಣ ಮಂಡಳಿ ಕಾಯಿದೆಯ ವಿವಾದದಲ್ಲಿ ಈ ಎರಡು ಹಕ್ಕುಗಳು ಮುಖಾಮುಖಿಯಾದವು. ಅಲಹಾಬಾದ್ ಉಚ್ಚ ನ್ಯಾಯಾಲಯ 2024ರ ಮಾರ್ಚಿಯಲ್ಲಿ ಆ ಕಾಯಿದೆಯನ್ನು ರದ್ದುಪಡಿಸಿತು. ಅದೇ ವರ್ಷದ ನವೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ ಕಾಯಿದೆಯನ್ನು ಎತ್ತಿಹಿಡಿಯಿತು. ಪದವಿ ಮತ್ತು ಸ್ನಾತಕೋತ್ತರ ಮಟ್ಟದ ಕಾಮಿಲ್, ಫಾಜಿಲ್ ಪರೀಕ್ಷೆಗಳಿಗೆ ಸಂಬಂಧಿಸಿದ ಅಂಶಗಳನ್ನು ಮಾತ್ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಗೆ ವಿರುದ್ಧವೆಂದು ಅಸಿಂಧುಗೊಳಿಸಿತು. ಸಂಸ್ಥೆ ನಡೆಸುವ ಹಕ್ಕು ಉಳಿಯುತ್ತದೆ, ವಿದ್ಯಾರ್ಥಿ ಬದುಕಿಗೆ ಬೇಕಾದ ಅರ್ಹತೆ ಪಡೆಯುವಂತೆ ಶಿಕ್ಷಣದ ಗುಣಮಟ್ಟವನ್ನು ನಿಯಂತ್ರಿಸುವ ಅಧಿಕಾರ ರಾಜ್ಯಕ್ಕೂ ಇದೆ ಎಂಬುದು ತೀರ್ಪಿನ ಸಾರ. ಪಶ್ಚಿಮ ಬಂಗಾಳದ ಹೈಮದರಸಾಗಳಲ್ಲಿ ಸಾಮಾನ್ಯ ಪ್ರೌಢಶಾಲೆಗೆ ಸಮಾನವಾದ ಪಠ್ಯವಿದ್ದು, ಮುಸ್ಲಿಮೇತರ ವಿದ್ಯಾರ್ಥಿಗಳೂ ಗಣನೀಯ ಸಂಖ್ಯೆಯಲ್ಲಿ ಓದುತ್ತಿರುವುದು ಈ ಎರಡೂ ಹಕ್ಕುಗಳು ಕೂಡಿ ಬಾಳಬಲ್ಲವು ಎಂಬುದಕ್ಕೆ ಉದಾಹರಣೆ.

ಸ್ವತಂತ್ರ ಮದರಸಾಗಳ ಸನದುಗಳನ್ನು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಮತ್ತು ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯಗಳು ಕೆಲವು ಪದವಿ ತರಗತಿಗಳ ಪ್ರವೇಶಕ್ಕೆ ಮಾನ್ಯ ಮಾಡಿವೆ. ಅಲಿಗಢದಲ್ಲಿ 2013ರಿಂದ ಮದರಸಾ ಪದವೀಧರರಿಗಾಗಿ ಸೇತು ತರಗತಿಯೂ ನಡೆದಿದೆ. ಇವು ಹೊರಬಾಗಿಲನ್ನು ಅಗಲಗೊಳಿಸುವ ಪ್ರಯತ್ನಗಳು. ಆದರೆ ಹತ್ತು ಹನ್ನೆರಡು ವರ್ಷಗಳ ಕೊರತೆಯನ್ನು ಕೊನೆಯ ಒಂದು ವರ್ಷದಲ್ಲಿ ತುಂಬುವ ಭಾರ ವಿದ್ಯಾರ್ಥಿಯ ಹೆಗಲ ಮೇಲೆಯೇ ಬೀಳುತ್ತದೆ. ಆ ಭಾರವನ್ನು ಸಂಸ್ಥೆ ಮೊದಲ ತರಗತಿಯಿಂದಲೇ ಹೊರುವುದು ನ್ಯಾಯ.

ಉಪಸಂಹಾರ

ಮದರಸಾವನ್ನು ಮುಚ್ಚಬೇಕೆನ್ನುವವರು ಅದು ಯಾರಿಗೆ ಅನ್ನ, ಆಸರೆ, ಅಕ್ಷರಗಳನ್ನು ಕೊಟ್ಟಿದೆ ಎಂಬುದನ್ನು ಗಮನಿಸುವುದಿಲ್ಲ. ಬಡತಾಯಿಯೊಬ್ಬಳು ಮಗನನ್ನು ಅಲ್ಲಿಗೆ ಕಳುಹಿಸುವುದು ಧರ್ಮಶ್ರದ್ಧೆಯಿಂದ ಇರಬಹುದು, ಮೂರು ಹೊತ್ತಿನ ಊಟಕ್ಕಾಗಿಯೂ ಇರಬಹುದು. ಆ ಆಸರೆಗೆ ಬದಲಿ ಕಲ್ಪಿಸದೆ ಬಾಗಿಲು ಮುಚ್ಚಿದರೆ ಮಗು ಬೀದಿಗೆ ಬೀಳುತ್ತದೆ. ಅದು ಇದ್ದಂತೆಯೇ ಇರಬೇಕೆನ್ನುವವರು ಗಜಾಲಿಯ ವರ್ಗೀಕರಣವನ್ನೂ ಫತೇವುಲ್ಲಾ ಶೀರಾಜಿಯ ಪಠ್ಯವನ್ನೂ ಗವಾನನ ಪತ್ರಶಾಸ್ತ್ರವನ್ನೂ ಮರೆತು, 19ನೆಯ ಶತಮಾನದ ಆಪದ್ಧರ್ಮವನ್ನೇ ಸನಾತನವೆಂದು ನಂಬುತ್ತಾರೆ. ಸುಧಾರಣೆಯೆಂದರೆ ಮದರಸಾಕ್ಕೆ ಪರಕೀಯವಾದುದನ್ನು ತಂದು ಸೇರಿಸುವುದೆಂಬ ತಿಳಿವಳಿಕೆ ಇಬ್ಬರಲ್ಲೂ ಇದೆ. ಗಣಿತ, ತರ್ಕ, ನಾಡಿನ ಆಡಳಿತ ಭಾಷೆ ಇವು ಮದರಸಾ ಕಳೆದುಕೊಂಡ ತನ್ನದೇ ಸ್ವತ್ತುಗಳು. ಅವನ್ನು ಮರಳಿ ಪಡೆಯುವುದರಿಂದ ಅದರ ಸ್ವರೂಪ ಕೆಡುವುದಿಲ್ಲ.

ಬೀದರಿನ ಮದರಸಾದ ಅಂಗಳದಲ್ಲಿ ನಿಂತವರಿಗೆ ಸುತ್ತಲಿನ ಕೋಣೆಗಳು ಕಾಣುತ್ತವೆ. ಅಲ್ಲಿ ಓದಿದವನು ಆ ಕೋಣೆಯಲ್ಲಿಯೇ ಉಳಿಯಬೇಕೆಂದು ಅದನ್ನು ಕಟ್ಟಿಸಿದವನು ಬಯಸಿರಲಿಲ್ಲ. ಒಂದು ವಿದ್ಯಾಸಂಸ್ಥೆಯ ಬೆಲೆಯನ್ನು ಅದರ ಪ್ರಾಚೀನತೆಯಿಂದಾಗಲಿ ಅದರ ಮೇಲಿನ ಶಂಕೆಯಿಂದಾಗಲಿ ಅಳೆಯುವ ಬದಲು, ಅದರೊಳಗೆ ಬಂದ ಕಟ್ಟಕಡೆಯ ಮಗು ಯಾವ ಸಾಮರ್ಥ್ಯದೊಂದಿಗೆ ಹೊರನಡೆಯುತ್ತದೆ ಎಂಬುದರಿಂದ ಅಳೆಯುವುದು ಉಚಿತ. ಮದರಸಾಕ್ಕೂ ಮಠಕ್ಕೂ ಸರಕಾರಿ ಶಾಲೆಗೂ ಈ ಅಳತೆಗೋಲು ಒಂದೇ.